ಡೆಬಿಯನ್ 12ರಿಂದ 13ಕ್ಕೆ: ಅಪ್‌ಗ್ರೇಡ್ ಸಾಕೋ, ಅಳಿಸಿ ಹೊಸದಾಗಿ ಹಾಕಬೇಕೋ? ಉಬುಂಟು, ಫೆಡೋರಾ, ಮಿಂಟ್ ಜೊತೆಗಿಟ್ಟು ಒಂದು ವಿಮರ್ಶೆ

ಇವೆಲ್ಲ ಲಿನಕ್ಸ್ ಡಿಸ್ಟ್ರೋಗಳು, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಬೇರೆ ಬೇರೆ ರೂಪಗಳು. ತೀರ್ಪು ಮೊದಲೇ ಹೇಳಿಬಿಡೋಣ. ಡೆಬಿಯನ್ 12 ಓಡುತ್ತಿರುವ, ಹೊರಗಿನ ರೆಪಾಸಿಟರಿಗಳ (ಪ್ಯಾಕೇಜ್, ಅಂದರೆ ಸಾಫ್ಟ್‌ವೇರ್ ಕಟ್ಟುಗಳು ಸಿಗುವ ಭಂಡಾರ) ಗೊಡವೆಯಿಲ್ಲದ 64 ಬಿಟ್ ಯಂತ್ರ ನಿಮ್ಮದಾಗಿದ್ದರೆ ಅದನ್ನು ಅಳಿಸಿ 13 ಹಾಕುವುದು ದಂಡದ ಕೆಲಸ. ಅಪ್‌ಗ್ರೇಡ್ ಮಾಡಿ. ಫೆಡೋರಾದಲ್ಲೂ ಅಷ್ಟೇ. ಉಬುಂಟು ಎಲ್‌ಟಿಎಸ್ (ಹೆಚ್ಚು ವರ್ಷ ಬೆಂಬಲ ಸಿಗುವ ಆವೃತ್ತಿ) ಇದ್ದರೆ ಅಪ್‌ಗ್ರೇಡ್ ಮಾಡಿ, ಆದರೆ ಅವಸರ ಬೇಡ. ಮಿಂಟ್‌ನಲ್ಲಿ ಎರಡೂ ಹೆಚ್ಚುಕಮ್ಮಿ ಸಮ. ಇನ್ನು ಐದಾರು ವರ್ಷದಿಂದ ಸಿಕ್ಕಸಿಕ್ಕ ಕಡೆಯಿಂದ ಪ್ಯಾಕೇಜ್ ತಂದು ತುಂಬಿದ ಯಂತ್ರವಾದರೆ ಯಾವ ಡಿಸ್ಟ್ರೋ ಆದರೂ ಸರಿ, ಒಂದು ಭಾನುವಾರ ಎತ್ತಿಟ್ಟು ಹೊಸದಾಗಿ ಹಾಕಿ.

ಹೀಗೆ ಹೇಳುವುದಕ್ಕೆ ಕಾರಣವಿದೆ. ಅಪ್‌ಗ್ರೇಡ್ ಅನ್ನುವುದು ಪ್ಯಾಕೇಜುಗಳನ್ನು ಬದಲಿಸುತ್ತದೆಯೇ ಹೊರತು ಇನ್‌ಸ್ಟಾಲ್ ಮಾಡಿದ ದಿನ ನೀವು ತೆಗೆದುಕೊಂಡ ತೀರ್ಮಾನಗಳನ್ನು ಮುಟ್ಟುವುದಿಲ್ಲ. ಪಾರ್ಟಿಶನ್ ಅಳತೆ, ಫೈಲ್‌ಸಿಸ್ಟಮ್, ಡಿಸ್ಕ್ ಎನ್‌ಕ್ರಿಪ್ಷನ್, ಬಯಾಸ್ ಬೂಟೋ ಯುಇಎಫ್‌ಐ ಬೂಟೋ, 32 ಬಿಟ್ಟೋ 64 ಬಿಟ್ಟೋ, ಇವೆಲ್ಲ ಮೊದಲ ದಿನದ ಮಾತು. ಫೆಡೋರಾ ವರ್ಕ್‌ಸ್ಟೇಷನ್ 33ನೇ ಆವೃತ್ತಿಯಿಂದ ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಅನ್ನು ಡೀಫಾಲ್ಟ್ ಮಾಡಿತು. 32ರಿಂದ ಅಪ್‌ಗ್ರೇಡ್ ಮಾಡುತ್ತಲೇ ಬಂದ ಲ್ಯಾಪ್‌ಟಾಪ್ ಇವತ್ತಿಗೂ ಇಎಕ್ಸ್‌ಟಿ4 ಮೇಲೇ ಇದೆ. ಫೆಡೋರಾ 43 ಹೊಸ ಇನ್‌ಸ್ಟಾಲ್‌ಗೆ /ಬೂಟ್ ಪಾರ್ಟಿಶನ್ 2 ಜಿಬಿ ಕೊಡುತ್ತದೆ; ಅಪ್‌ಗ್ರೇಡ್ ಆದ ಯಂತ್ರಕ್ಕೆ ಹಳೇ 1 ಜಿಬಿಯೇ ಗತಿ. ಹಾಗಾಗಿ ‘ಅಪ್‌ಗ್ರೇಡ್ ಮಾಡಿದರೂ ಹೊಸದರ ಹಾಗೆ ಅನ್ನಿಸುತ್ತಿಲ್ಲ’ ಅನ್ನುವ ದೂರು ಬಹಳ ಸಲ ನಿಜವೇ. ಅದು ಅಪ್‌ಗ್ರೇಡ್ ಕೆಟ್ಟಿದ್ದರಿಂದಲ್ಲ, ಅದರ ವ್ಯಾಪ್ತಿಯೇ ಅಷ್ಟು.

ಒಂದು ಸೂಚನೆ: ಕಮಾಂಡುಗಳನ್ನು ಓದಲು ಅನುಕೂಲವಾಗಲೆಂದು ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ಗೆ ಇದು ಅರ್ಥವಾಗುವುದಿಲ್ಲ, ಅಲ್ಲಿ ಇಂಗ್ಲಿಷ್ ಅಕ್ಷರವೇ ಬೇಕು.

ಡೆಬಿಯನ್ 13: ಕೈಪಿಡಿಯೇ ಅರ್ಧ ಕೆಲಸ ಮಾಡುತ್ತದೆ

ಡೆಬಿಯನ್ 13, ಅಡ್ಡಹೆಸರು ಟ್ರಿಕ್ಸಿ, 2025ರ ಆಗಸ್ಟ್ 9ರಂದು ಬಂತು. ಕರ್ನಲ್ 6.12, ಡೆಸ್ಕ್‌ಟಾಪ್‌ಗಳಲ್ಲಿ ಗ್ನೋಮ್ 48, ಕೆಡಿಇ ಪ್ಲಾಸ್ಮಾ 6.3. ಇಲ್ಲಿ ಅಪ್‌ಗ್ರೇಡ್ ಮಾಡಿಕೊಡುವ ಪ್ರತ್ಯೇಕ ಗುಂಡಿಯಿಲ್ಲ, ವಿಝಾರ್ಡ್ ಇಲ್ಲ. ಇರುವುದು ಪ್ಯಾಕೇಜುಗಳನ್ನು ಹಾಕಿ ತೆಗೆಯುವ ಆಪ್ಟ್ ಮತ್ತು ರಿಲೀಸ್ ನೋಟ್ಸ್, ಎರಡೇ. ಆದರೆ ಆ ರಿಲೀಸ್ ನೋಟ್ಸ್‌ನ 4ನೇ ಮತ್ತು 5ನೇ ಅಧ್ಯಾಯದಷ್ಟು ಪ್ರಾಮಾಣಿಕವಾದ ಅಪ್‌ಗ್ರೇಡ್ ದಾಖಲೆ ಬೇರೆ ಯಾವ ಡಿಸ್ಟ್ರೋದಲ್ಲೂ ಸಿಗುವುದಿಲ್ಲ. ಏನು ಮುರಿಯುತ್ತದೆ ಅನ್ನುವುದನ್ನು ಮೊದಲೇ ಬರೆದಿಟ್ಟಿರುತ್ತಾರೆ. ಓದದೆ ಕೈಹಾಕಿ ಆಮೇಲೆ ಬೈಯುವವರೇ ಹೆಚ್ಚು.

ನಿಯಮ ಒಂದೇ: ಆವೃತ್ತಿ ಹಾರುವ ಹಾಗಿಲ್ಲ. 11ರಿಂದ ನೇರ 13ಕ್ಕೆ ಜಿಗಿಯಲು ಬೆಂಬಲವಿಲ್ಲ, 12ರಲ್ಲಿ ಇಳಿದು ಹತ್ತಬೇಕು. 12ಕ್ಕೆ ಬರುವಾಗ ‘ನಾನ್-ಫ್ರೀ-ಫರ್ಮ್‌ವೇರ್’ ಅನ್ನುವ ಹೊಸ ವಿಭಾಗವನ್ನು ಸೋರ್ಸಸ್ ಫೈಲಿಗೆ (ಪ್ಯಾಕೇಜುಗಳನ್ನು ಎಲ್ಲಿಂದ ತರಬೇಕೆಂದು ಆಪ್ಟ್‌ಗೆ ಹೇಳುವ ಫೈಲು) ಸೇರಿಸಿದ್ದೀರೋ ಇಲ್ಲವೋ ನೋಡಿಕೊಳ್ಳಿ. ಸೇರಿಸದಿದ್ದರೆ ವೈಫೈ ಫರ್ಮ್‌ವೇರ್ ಹಳೇದರಲ್ಲೇ ನಿಂತಿರುತ್ತದೆ, ಹೊಸ ಕರ್ನಲ್ ಕೇಳುವ ಫೈಲು ಸಿಗದೆ ರೀಬೂಟ್ ಆದಮೇಲೆ ವೈಫೈ ಮಾಯ.

ತಯಾರಿ ಹೀಗೆ. 12ನ್ನು ಪೂರ್ತಿ ಅಪ್‌ಡೇಟ್ ಮಾಡಿ ಒಮ್ಮೆ ರೀಬೂಟ್ ಮಾಡಿ. ‘ಡಿಪಿಕೆಜಿ --ಆಡಿಟ್’ ಏನೂ ಹೇಳಬಾರದು. ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಖಾಲಿ ಬರಬೇಕು. ಯಾವತ್ತೋ ತಡೆಹಿಡಿದು ಮರೆತ ಪ್ಯಾಕೇಜ್ ಒಂದಿದ್ದರೂ ಅದು ಇಡೀ ಲೆಕ್ಕಾಚಾರವನ್ನು ಹಿಡಿದೆಳೆಯುತ್ತದೆ. ಆಮೇಲೆ ಡೆಬಿಯನ್ ಮೂಲದ್ದಲ್ಲದ ಪ್ಯಾಕೇಜುಗಳ ಪಟ್ಟಿ ತೆಗೆಯಿರಿ, ಅದರ ಕಮಾಂಡ್ ರಿಲೀಸ್ ನೋಟ್ಸ್‌ನಲ್ಲೇ ಇದೆ. ಈ ಪಟ್ಟಿಯೇ ನಿಮ್ಮ ಜಾತಕ. ಐದಾರು ಹೆಸರಿದ್ದರೆ, ಅದೂ ಕ್ರೋಮ್, ವಿಎಸ್ ಕೋಡ್ ಥರದ್ದಾದರೆ, ಚಿಂತೆಯಿಲ್ಲ. ಐವತ್ತು ಹೆಸರಿದ್ದು ಅದರಲ್ಲಿ ಲಿಬ್ ಎಂದು ಶುರುವಾಗುವ ಲೈಬ್ರರಿಗಳೇ ತುಂಬಿದ್ದರೆ ಈ ವಿಮರ್ಶೆಯ ಕೊನೆಯ ಭಾಗಕ್ಕೆ ಹೋಗಿ.

ಬ್ಯಾಕಪ್‌ನಲ್ಲಿ /ಹೋಮ್ ಜೊತೆಗೆ /ಇಟಿಸಿ, /ವಾರ್/ಲಿಬ್/ಡಿಪಿಕೆಜಿ, /ವಾರ್/ಲಿಬ್/ಆಪ್ಟ್ ಒಳಗಿನ ಎಕ್ಸ್‌ಟೆಂಡೆಡ್_ಸ್ಟೇಟ್ಸ್ ಫೈಲು, ಮತ್ತು ‘ಡಿಪಿಕೆಜಿ --ಗೆಟ್-ಸೆಲೆಕ್ಷನ್ಸ್’ ಕೊಡುವ ಪಟ್ಟಿ ಇರಬೇಕು. /ಬೂಟ್ ಬೇರೆ ಪಾರ್ಟಿಶನ್ ಆಗಿದ್ದರೆ ಕನಿಷ್ಠ 768 ಎಂಬಿ ಇದ್ದು ಸುಮಾರು 300 ಎಂಬಿ ಖಾಲಿ ಇರಬೇಕು ಎನ್ನುತ್ತದೆ ಕೈಪಿಡಿ. ಹಳೇ ಇನ್‌ಸ್ಟಾಲರುಗಳು ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿಗೆ ಕೊಡುತ್ತಿದ್ದ ಪುಟ್ಟ /ಬೂಟ್ ಇಲ್ಲಿ ಸಿಕ್ಕಿಬೀಳುತ್ತದೆ. ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಕರ್ನಲ್ ಬಳಸುವ ಫೈಲು) ಬರೆಯುತ್ತಾ ಅರ್ಧದಲ್ಲಿ ಜಾಗ ಮುಗಿದರೆ ಕರ್ನಲ್ ಪ್ಯಾಕೇಜ್ ಅರೆಬರೆ ಕಾನ್ಫಿಗರ್ ಆಗಿ ನಿಲ್ಲುತ್ತದೆ. ಮುಂಚೆಯೇ ಹಳೇ ಕರ್ನಲ್‌ಗಳನ್ನು ತೆಗೆದು, ಓಡುತ್ತಿರುವುದೊಂದನ್ನು ಮಾತ್ರ ಉಳಿಸಿಕೊಳ್ಳಿ.

ಈಗ ಸೋರ್ಸಸ್‌ನಲ್ಲಿ ಬುಕ್‌ವರ್ಮ್ (12ರ ಅಡ್ಡಹೆಸರು) ಇದ್ದಲ್ಲೆಲ್ಲ ಟ್ರಿಕ್ಸಿ ಬರೆಯಿರಿ. ಬ್ಯಾಕ್‌ಪೋರ್ಟ್ಸ್ (ಹೊಸ ಪ್ಯಾಕೇಜುಗಳನ್ನು ಹಳೇ ಆವೃತ್ತಿಗೆ ಕೊಡುವ ರೆಪಾಸಿಟರಿ), ಹೊರಗಿನ ರೆಪಾಸಿಟರಿಗಳ ಸಾಲಿನ ಮುಂದೆ ಹ್ಯಾಷ್ ಹಾಕಿ. ಗ್ನೋಮ್ ಟರ್ಮಿನಲ್‌ನಲ್ಲಿ ಕೂತು ಅಪ್‌ಗ್ರೇಡ್ ಮಾಡಬೇಡಿ, ಡೆಸ್ಕ್‌ಟಾಪ್ ಸೆಷನ್ ನಡುವೆ ಕುಸಿದರೆ ಟರ್ಮಿನಲ್ಲೂ ಅದರೊಳಗಿನ ಆಪ್ಟೂ ಒಟ್ಟಿಗೆ ಹೋಗುತ್ತವೆ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಟೆಕ್ಸ್ಟ್ ಕನ್ಸೋಲ್‌ಗೆ ಹೋಗಿ, ‘ಸ್ಕ್ರಿಪ್ಟ್’ ಕಮಾಂಡಿನಿಂದ ಎಲ್ಲವನ್ನೂ ಫೈಲಿಗೆ ದಾಖಲಿಸಿಕೊಳ್ಳುತ್ತಾ ಹೋಗಿ. ದೂರದ ಸರ್ವರ್ ಆದರೆ ಸಂಪರ್ಕ ತಪ್ಪಿದರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಟಿಮಕ್ಸ್ ಅಥವಾ ಸ್ಕ್ರೀನ್ ಒಳಗೆ.

‘ಆಪ್ಟ್ ಅಪ್‌ಡೇಟ್’ ಆದಮೇಲೆ ನೇರ ಫುಲ್-ಅಪ್‌ಗ್ರೇಡ್ ಬೇಡ. ಮೊದಲು ‘ಆಪ್ಟ್ ಅಪ್‌ಗ್ರೇಡ್ --ವಿದೌಟ್-ನ್ಯೂ-ಪಿಕೆಜಿಎಸ್’. ಇದು ಹೊಸ ಪ್ಯಾಕೇಜ್ ಸೇರಿಸದೆ, ಯಾವುದನ್ನೂ ಕಿತ್ತುಹಾಕದೆ ಏರಿಸಬಹುದಾದಷ್ಟನ್ನು ಏರಿಸುತ್ತದೆ. ಎರಡನೇ ಹಂತದಲ್ಲಿ ‘ಆಪ್ಟ್ ಫುಲ್-ಅಪ್‌ಗ್ರೇಡ್’. ಇದು ಯೆಸ್ ಅಥವಾ ನೋ ಕೇಳುವ ಮುಂಚೆ ಕಿತ್ತುಹಾಕಲಿರುವ ಪ್ಯಾಕೇಜುಗಳ ಪಟ್ಟಿ ತೋರಿಸುತ್ತದೆ. ಸಂಖ್ಯೆ ನೋಡಿ ಹೆದರಬೇಡಿ, ಹೆಸರುಗಳನ್ನು ಓದಿ. ಹಳೇ ಲೈಬ್ರರಿಗಳು ಹೋಗುವುದು ಸಹಜ. ಅದೇ ಪಟ್ಟಿಯಲ್ಲಿ ಗ್ನೋಮ್, ಟಾಸ್ಕ್-ಗ್ನೋಮ್-ಡೆಸ್ಕ್‌ಟಾಪ್, ಅಥವಾ ಲಿನಕ್ಸ್-ಇಮೇಜ್-ಎಎಂಡಿ64 ಕಂಡರೆ ಎನ್ ಒತ್ತಿ ಹೊರಬನ್ನಿ. ಎಲ್ಲೋ ಒಂದು ಹೊರಗಿನ ಪ್ಯಾಕೇಜ್ ಅಡ್ಡಗಾಲು ಹಾಕಿದೆ ಎಂದೇ ಅರ್ಥ.

ನಡುನಡುವೆ ಡಿಪಿಕೆಜಿ (ಆಪ್ಟ್‌ನ ಕೆಳಗೆ ಪ್ಯಾಕೇಜ್ ಹಾಕುವ ಉಪಕರಣ) ಕೇಳುತ್ತದೆ: ಈ ಕಾನ್ಫಿಗ್ ಫೈಲನ್ನು ನೀವು ತಿದ್ದಿದ್ದೀರಿ, ನಿಮ್ಮದನ್ನೇ ಇಟ್ಟುಕೊಳ್ಳಲೋ, ಪ್ಯಾಕೇಜ್ ತಂದದ್ದನ್ನು ಹಾಕಲೋ? ಡಿ ಒತ್ತಿದರೆ ವ್ಯತ್ಯಾಸ ಕಾಣುತ್ತದೆ. ಏನೂ ಯೋಚಿಸದೆ ಎಂಟರ್ ಒತ್ತಿದರೆ ನಿಮ್ಮ ಹಳೇದೇ ಉಳಿಯುತ್ತದೆ, ಇದು ಸಾಮಾನ್ಯವಾಗಿ ಸುರಕ್ಷಿತ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್‌ಗೆ ಪ್ಯಾಕೇಜ್ ತಂದದ್ದನ್ನು ಆರಿಸಿದಿರೋ, ನೀವು ಬದಲಿಸಿದ್ದ ಪೋರ್ಟ್ ನಂಬರ್ ಹೋಯಿತು; ದೂರದ ಸರ್ವರ್ ಆಗಿದ್ದರೆ ಮನೆಯಿಂದ ಹೊರಗೆ ಬೀಗ ಹಾಕಿಕೊಂಡು ಕೀಲಿ ಒಳಗೇ ಬಿಟ್ಟಂತೆ. ನಿಮ್ಮ ಬದಲಾವಣೆಗಳನ್ನು ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಫೋಲ್ಡರಿನಲ್ಲಿ ಬೇರೆ ಫೈಲಾಗಿ ಇಟ್ಟರೆ ಈ ಪ್ರಶ್ನೆಯೇ ಏಳುವುದಿಲ್ಲ.

ನಡುವೆ ಕರೆಂಟ್ ಹೋದರೆ? ಡೆಬಿಯನ್ ಕುಟುಂಬ ಇದನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಬೂಟ್ ಆದರೆ ‘ಡಿಪಿಕೆಜಿ --ಕಾನ್ಫಿಗರ್ -ಎ’, ಅದರ ಹಿಂದೆ ‘ಆಪ್ಟ್ -ಎಫ್ ಇನ್‌ಸ್ಟಾಲ್’, ಮತ್ತೆ ಫುಲ್-ಅಪ್‌ಗ್ರೇಡ್. ಆದರೂ ಲೋಡ್‌ಶೆಡ್ಡಿಂಗ್ ಇರುವ ಊರಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಇಟ್ಟುಕೊಂಡು ಸಂಜೆ ಆರಕ್ಕೆ ಶುರು ಮಾಡುವುದು ಬೇಡ.

ಮುಗಿದ ಮೇಲೆ ಸದ್ದಿಲ್ಲದೆ ಕೆಡುವ ಸಂಗತಿಗಳಿವೆ, ಇವೇ ಅಪಾಯಕಾರಿ. ಟ್ರಿಕ್ಸಿಯಲ್ಲಿ /ಇಟಿಸಿ/ಸಿಸ್‌ಸಿಟಿಎಲ್.ಕಾನ್ಫ್ ಫೈಲನ್ನು ಸಿಸ್ಟಮ್‌ಡಿ ಓದುವುದೇ ಇಲ್ಲ. ಐಪಿ ಫಾರ್ವರ್ಡಿಂಗ್ ಸಾಲನ್ನು ಅಲ್ಲಿ ಬರೆದಿಟ್ಟ ವಿಪಿಎನ್ ಸರ್ವರ್ ರೀಬೂಟ್ ಆಗಿ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಆದರೆ ಹಿಂದಿನ ನೆಟ್‌ವರ್ಕಿಗೆ ಒಂದು ಪ್ಯಾಕೆಟ್ಟೂ ದಾಟುವುದಿಲ್ಲ. ಎರರ್ ಮೆಸೇಜೂ ಇಲ್ಲ. ಆ ಸಾಲುಗಳನ್ನು ಸಿಸ್‌ಸಿಟಿಎಲ್.ಡಿ ಫೋಲ್ಡರಿನೊಳಗೆ .ಕಾನ್ಫ್ ಎಂದು ಮುಗಿಯುವ ಫೈಲಿಗೆ ಸಾಗಿಸಬೇಕು. ಹಾಗೆಯೇ /ಟಿಎಂಪಿ ಈಗ ಡೀಫಾಲ್ಟ್ ಆಗಿ ರ್‍ಯಾಮ್‌ನಲ್ಲಿರುತ್ತದೆ, ಗರಿಷ್ಠ ಮೆಮೊರಿಯ ಅರ್ಧದವರೆಗೆ. 4 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ವಿಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್ ಅಲ್ಲೇ ತಾತ್ಕಾಲಿಕ ಫೈಲು ಬರೆದರೆ ಉಸಿರುಗಟ್ಟುತ್ತದೆ. ಅಪ್‌ಗ್ರೇಡ್‌ಗೂ ಹೊಸ ಇನ್‌ಸ್ಟಾಲ್‌ಗೂ ಇರುವ ವ್ಯತ್ಯಾಸವೂ ಇಲ್ಲೇ ಕಾಣುತ್ತದೆ: ಹೊಸದಾಗಿ ಹಾಕಿದ 13ರಲ್ಲಿ /ಟಿಎಂಪಿಯಲ್ಲಿ 10 ದಿನ ಮುಟ್ಟದ ಫೈಲು, /ವಾರ್/ಟಿಎಂಪಿಯಲ್ಲಿ 30 ದಿನ ಮುಟ್ಟದ ಫೈಲು ತಾನಾಗಿ ಅಳಿಯುತ್ತದೆ, ಅಪ್‌ಗ್ರೇಡ್ ಆದ ಯಂತ್ರದಲ್ಲಿ ಹಳೇ ಪದ್ಧತಿಯನ್ನೇ ಕಾಯ್ದಿಡುವ ಫೈಲೊಂದನ್ನು ಸಿಸ್ಟಮ್‌ಡಿ ಪ್ಯಾಕೇಜ್ ಬರೆದಿಡುತ್ತದೆ. ಒಂದೇ ಡೆಬಿಯನ್ 13, ಎರಡು ನಡತೆ.

ಎಸ್‌ಎಸ್‌ಎಚ್‌ನಲ್ಲಿ ಡಿಎಸ್‌ಎ ಕೀಲಿಗಳಿಗೆ ಬೆಂಬಲ ಪೂರ್ತಿ ಹೋಗಿದೆ, ಹಳೇ ರೂಟರಿಗೋ ಸ್ವಿಚ್ಚಿಗೋ ಲಾಗಿನ್ ಆಗುವವರು ಗಮನಿಸಿ. ಮೇಲ್ ಸರ್ವರ್ ನಡೆಸುವವರಿಗೆ ಡವ್‌ಕಾಟ್ 2.4 ದೊಡ್ಡ ಪೆಟ್ಟು: ಹಳೇ ಕಾನ್ಫಿಗ್ ಅದಕ್ಕೆ ಹೊಂದುವುದಿಲ್ಲ, ಹೊಸದಾಗಿ ಬರೆಯಬೇಕು. ಮರಿಯಾಡಿಬಿ ಡೇಟಾಬೇಸ್ 10.11ರಿಂದ 11.8ಕ್ಕೆ ಹೋಗುವ ಮುಂಚೆ ಅದನ್ನು ಸರಿಯಾಗಿ ಸ್ಟಾಪ್ ಮಾಡಿರಬೇಕು. ಕ್ರ್ಯಾಶ್ ಆದ ಸ್ಥಿತಿಯಲ್ಲಿದ್ದ ಡೇಟಾವನ್ನು ಹೊಸ ಆವೃತ್ತಿ ಚೇತರಿಸಿಕೊಡುವುದಿಲ್ಲ.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಪ್‌ಗ್ರೇಡ್ ಆದಮೇಲೆ ನಿಮ್ಮ ಡೇಟಾ ಹಳೇ 15ರ ಕ್ಲಸ್ಟರಿನಲ್ಲೇ 5432 ಪೋರ್ಟಿನಲ್ಲಿ ಓಡುತ್ತಿರುತ್ತದೆ, 17 ಖಾಲಿ ಕ್ಲಸ್ಟರ್ ಮಾಡಿಕೊಂಡು 5433ರಲ್ಲಿ ಕೂತಿರುತ್ತದೆ. ‘ಓಡ್ತಾ ಇದೆಯಲ್ಲ’ ಎಂದು ಬಿಡಬೇಡಿ. ಕೆಳಗಿನ ಮೂಲ ಲೈಬ್ರರಿ ಜಿಲಿಬ್‌ಸಿ 2.36ರಿಂದ 2.41ಕ್ಕೆ ಏರಿದೆ, ಅಕ್ಷರಗಳ ಅನುಕ್ರಮದ ಆವೃತ್ತಿ ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಲಾಗ್‌ನಲ್ಲಿ ಬರುತ್ತಿರುತ್ತದೆ. ಪಠ್ಯದ ಮೇಲಿನ ಇಂಡೆಕ್ಸ್‌ಗಳು ತಪ್ಪು ಉತ್ತರ ಕೊಡಬಹುದು. ಡಂಪ್ ಒಂದು ತೆಗೆದಿಟ್ಟುಕೊಂಡು, ‘ಪಿಜಿ_ಡ್ರಾಪ್‌ಕ್ಲಸ್ಟರ್ 17 ಮೇನ್ --ಸ್ಟಾಪ್’ ಕೊಟ್ಟು ಆ ಖಾಲಿಯದನ್ನು ತೆಗೆದು, ‘ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್ 15 ಮೇನ್’ ಓಡಿಸಿ. ಇದು ಡೀಫಾಲ್ಟ್ ಆಗಿ ಡಂಪ್ ಮಾಡಿ ತುಂಬುವುದರಿಂದ ಇಂಡೆಕ್ಸ್‌ಗಳೂ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಡ್ರಾಪ್ ಕಮಾಂಡಿನಲ್ಲಿ 17 ಬದಲು 15 ಟೈಪಿಸಿದರೆ ಏನಾಗುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು, ಹಳೇ ಬಯಾಸ್ ಯಂತ್ರಗಳ ಕಾಯಿಲೆ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದ್ದೀರಾ? ಬೂಟ್ ಲೋಡರ್ ಆದ ಗ್ರಬ್-ಪಿಸಿ ಪ್ಯಾಕೇಜ್ ತನ್ನನ್ನು ಯಾವ ಡಿಸ್ಕಿಗೆ ಬರೆಯಬೇಕೆಂದು ಇನ್‌ಸ್ಟಾಲ್ ದಿನವೇ ಗುರುತು ಹಾಕಿಕೊಂಡಿರುತ್ತದೆ. ಆ ಡಿಸ್ಕ್ ಈಗ ಇಲ್ಲ. ಅಪ್‌ಗ್ರೇಡ್‌ನಲ್ಲಿ /ಬೂಟ್ ಒಳಗಿನ ಗ್ರಬ್ ಮಾಡ್ಯೂಲುಗಳು ಹೊಸವಾಗಿ, ಡಿಸ್ಕಿನ ಮೊದಲ ಸೆಕ್ಟರಿನ ಭಾಗ ಹಳೇದೇ ಉಳಿದರೆ ಬೂಟ್ ಆಗುವಾಗ ‘ಸಿಂಬಲ್ ನಾಟ್ ಫೌಂಡ್’ ಎಂದು ಗ್ರಬ್ ರೆಸ್ಕ್ಯೂ ಪರದೆಯಲ್ಲಿ ನಿಂತುಬಿಡುತ್ತದೆ. ಅಪ್‌ಗ್ರೇಡ್‌ಗೆ ಮುಂಚೆಯೇ ‘ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ’ ಕೊಟ್ಟು ಈಗಿನ ಡಿಸ್ಕಿಗೆ ಸ್ಪೇಸ್‌ಬಾರ್‌ನಿಂದ ಗುರುತು ಹಾಕಿ. ಪಾರ್ಟಿಶನ್‌ಗಲ್ಲ, ಇಡೀ ಡಿಸ್ಕಿಗೆ.

32 ಬಿಟ್ ಪಿಸಿಗಳಿಗೆ (ಐ386) ಮಾತ್ರ 13ರ ಬಾಗಿಲು ಮುಚ್ಚಿದೆ. ಐ386ಕ್ಕೆ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ಪ್ರಾಸೆಸರ್ 64 ಬಿಟ್ ಆಗಿದ್ದೂ ಅಂದು 32 ಬಿಟ್ ಹಾಕಿದ್ದರೆ ಹೊಸ ಇನ್‌ಸ್ಟಾಲೇ ನೇರ ದಾರಿ. ಉಳಿದವರಿಗೂ ತುರ್ತೇನಿಲ್ಲ: 12ಕ್ಕೆ ಎಲ್‌ಟಿಎಸ್ ತಂಡದ ಬೆಂಬಲ 2028ರ ಜೂನ್‌ವರೆಗೆ ಇದೆ.

ಕೊನೆಯ ಗುಡಿಸಾಟ: ‘ಆಪ್ಟ್ ಆಟೋರಿಮೂವ್’, ಅನಾಥ ಪ್ಯಾಕೇಜುಗಳಿಗೆ ‘ಆಪ್ಟ್ ಲಿಸ್ಟ್ ~ಒ’, ಕಾನ್ಫಿಗ್ ಮಾತ್ರ ಉಳಿದವಕ್ಕೆ ‘ಆಪ್ಟ್ ಪರ್ಜ್ ~ಸಿ’. ಸೋರ್ಸಸ್ ಫೈಲನ್ನು ಹೊಸ ನಮೂನೆಗೆ ತರಲು ‘ಆಪ್ಟ್ ಮಾಡರ್ನೈಝ್-ಸೋರ್ಸಸ್’ ಎಂಬ ಹೊಸ ಸೌಲಭ್ಯ ಆಪ್ಟ್ 3.0ದಲ್ಲಿದೆ, ಚೊಕ್ಕವಾಗಿ ಕೆಲಸ ಮಾಡುತ್ತದೆ. ಒಟ್ಟಾರೆ ಡೆಬಿಯನ್‌ಗೆ 10ಕ್ಕೆ 8. ಎರಡು ಅಂಕ ಕಡಿತ ಏಕೆಂದರೆ ಇಷ್ಟೆಲ್ಲ ಓದದವರನ್ನು ಅದು ಒಂದಿಷ್ಟೂ ಕಾಪಾಡುವುದಿಲ್ಲ.

ಉಬುಂಟು: ಸಲೀಸು, ಆದರೆ ಮೊದಲ ವಾರ ಬೇಡ

ಉಬುಂಟುವಿನ ‘ಡು-ರಿಲೀಸ್-ಅಪ್‌ಗ್ರೇಡ್’ ಡೆಬಿಯನ್‌ನಲ್ಲಿ ಕೈಯಾರೆ ಮಾಡುವ ಬಹುಪಾಲು ಕೆಲಸವನ್ನು ತಾನೇ ಮಾಡುತ್ತದೆ. ಪಿಪಿಎಗಳನ್ನು (ಉಬುಂಟುವಿಗಾಗಿ ಹೊರಗಿನವರು ನಡೆಸುವ ರೆಪಾಸಿಟರಿಗಳು) ನಿಲ್ಲಿಸುತ್ತದೆ, ಜಾಗ ಲೆಕ್ಕ ಹಾಕುತ್ತದೆ, ಸ್ಕ್ರೀನ್ ಒಳಗೇ ಓಡುತ್ತದೆ, ಎಸ್‌ಎಸ್‌ಎಚ್ ಮೂಲಕ ಬಂದಿದ್ದರೆ ಸಂಪರ್ಕ ತಪ್ಪಿದರೂ ಇರಲಿ ಎಂದು 1022 ಪೋರ್ಟಿನಲ್ಲಿ ಇನ್ನೊಂದು ಎಸ್‌ಎಸ್‌ಎಚ್‌ಡಿ ತೆರೆದಿಡುತ್ತದೆ. ಆ ಪೋರ್ಟನ್ನು ಫೈರ್‌ವಾಲ್‌ನಲ್ಲಿ, ಕ್ಲೌಡ್ ಸರ್ವರಾದರೆ ಅದರ ಸೆಕ್ಯುರಿಟಿ ಗ್ರೂಪ್‌ನಲ್ಲೂ ನೀವೇ ತೆರೆದಿರಬೇಕು, ಇಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಏನಾಯಿತೆಂದು ನೋಡಲು /ವಾರ್/ಲಾಗ್/ಡಿಸ್ಟ್-ಅಪ್‌ಗ್ರೇಡ್ ಫೋಲ್ಡರ್ ಇದೆ.

ಎಲ್‌ಟಿಎಸ್‌ನಿಂದ ಎಲ್‌ಟಿಎಸ್‌ಗೆ ಆಹ್ವಾನ ಬರುವುದು ಮೊದಲ ಪಾಯಿಂಟ್ ರಿಲೀಸ್ ಆದಮೇಲೆ. 24.04 ಬಂದದ್ದು 2024ರ ಏಪ್ರಿಲ್ 25ಕ್ಕೆ, 24.04.1 ಬಂದದ್ದು ಆಗಸ್ಟ್ 29ಕ್ಕೆ. ಅಷ್ಟು ಕಾದರೂ, ಅಪ್‌ಗ್ರೇಡ್ ಉಪಕರಣದಲ್ಲಿ ಗಂಭೀರ ದೋಷ ಕಂಡು ಸೆಪ್ಟೆಂಬರಿನಲ್ಲಿ 22.04ರಿಂದ ಬರುವ ದಾರಿಯನ್ನು ಕೆಲಕಾಲ ಮುಚ್ಚಿ ಮತ್ತೆ ತೆರೆದರು. ಮುಚ್ಚಿದ್ದು ಒಳ್ಳೆಯದೇ, ಆದರೆ ಪಾಠ ಸ್ಪಷ್ಟ: ‘.1’ ಬಂದಮೇಲೂ ಒಂದು ತಿಂಗಳು ತಾಳಿ. ‘-ಡಿ’ ಸೇರಿಸಿ ಬಲವಂತ ಮಾಡಬೇಡಿ. 22.04ಕ್ಕೆ ಸಾಮಾನ್ಯ ಬೆಂಬಲವೇ 2027ರವರೆಗೆ ಇದೆ. ಎಲ್‌ಟಿಎಸ್ ಅಲ್ಲದ ಆವೃತ್ತಿಗಳಿಗೆ ಸಿಗುವುದು 9 ತಿಂಗಳು ಮಾತ್ರ. ಅವಧಿ ಮೀರಿದರೆ ಅವುಗಳ ರೆಪಾಸಿಟರಿ ‘ಓಲ್ಡ್-ರಿಲೀಸಸ್’ ಸರ್ವರಿಗೆ ಸರಿಯುತ್ತದೆ, ಸೋರ್ಸಸ್ ತಿದ್ದಿ ಒಂದೊಂದೇ ಮೆಟ್ಟಿಲು ಹತ್ತುವುದಕ್ಕಿಂತ ಹೊಸದಾಗಿ ಹಾಕುವುದೇ ಲೇಸು.

ಕೆಡುವುದು ಎಲ್ಲಿ? ಪೈಥಾನ್‌ನಲ್ಲಿ. ಹೊಸ ಪೈಥಾನ್ ಬೇಕೆಂದು ಹೊರಗಿನಿಂದ ತಂದು /ಯುಎಸ್‌ಆರ್/ಬಿನ್/ಪೈಥಾನ್3 ಕೊಂಡಿಯನ್ನೇ ಅದರ ಕಡೆ ತಿರುಗಿಸಿದವರಿಗೆ ‘ನಿಮ್ಮ ಪೈಥಾನ್3 ಇನ್‌ಸ್ಟಾಲ್ ಕೆಟ್ಟಿದೆ, ಆ ಕೊಂಡಿ ಸರಿಮಾಡಿ’ ಎಂಬ ಅರ್ಥದ ಮೆಸೇಜ್ ಬಂದು ಅಪ್‌ಗ್ರೇಡ್ ಅಲ್ಲೇ ನಿಲ್ಲುತ್ತದೆ. 22.04ರಲ್ಲಿ ಅದು 3.10ರ ಕಡೆಗೇ ತೋರಿಸಬೇಕು. ಸರಿ, ದಾಟಿತು ಅಂತಿಟ್ಟುಕೊಳ್ಳಿ, 24.04ರಲ್ಲಿ ಪೈಥಾನ್ 3.12. ನಿಮ್ಮ ವರ್ಚುವಲ್ ಎನ್ವಿರಾನ್‌ಮೆಂಟ್‌ಗಳ ಲೈಬ್ರರಿಗಳೆಲ್ಲ ಪೈಥಾನ್3.10 ಎಂಬ ಫೋಲ್ಡರಿನಲ್ಲಿವೆ, ಹೊಸದು ಅತ್ತ ತಿರುಗಿಯೂ ನೋಡುವುದಿಲ್ಲ. ಮುಂಚೆಯೇ ‘ಪಿಪ್ ಫ್ರೀಝ್’ ಪಟ್ಟಿ ತೆಗೆದಿಟ್ಟುಕೊಂಡು ಆಮೇಲೆ ಹೊಸದಾಗಿ ಕಟ್ಟಿಕೊಳ್ಳಿ. ಸಿಸ್ಟಮ್ ಪೈಥಾನ್‌ಗೇ ‘ಸುಡೋ ಪಿಪ್’ ಎಂದು ತುಂಬುತ್ತಿದ್ದವರಿಗೆ ಇನ್ನುಮುಂದೆ ಅದು ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಎಂದು ಬಾಗಿಲಲ್ಲೇ ತಡೆಯುತ್ತದೆ, ಒಳ್ಳೆಯದಾಯಿತು. ಪಿಎಚ್‌ಪಿ 8.1ರಿಂದ 8.3ಕ್ಕೆ ಹೋಗುವಾಗ ಅಪಾಚಿ ಮಾಡ್ಯೂಲ್ ಹಳೇದಕ್ಕೇ ಕಟ್ಟಿಕೊಂಡಿರಬಹುದು, ‘ಎ2ಡಿಸ್‌ಮಾಡ್’, ‘ಎ2ಎನ್‌ಮಾಡ್’ ಕೈಯಾರೆ ಮಾಡಿ.

ಎನ್‌ವಿಡಿಯಾದ ಹಳೇ ಕಾರ್ಡುಗಳ ಡ್ರೈವರ್, ವರ್ಚುವಲ್‌ಬಾಕ್ಸ್, ಬ್ರಾಡ್‌ಕಾಮ್ ವೈಫೈ ಇವೆಲ್ಲ ಡಿಕೆಎಂಎಸ್ ಮೂಲಕ ಹೊಸ ಕರ್ನಲ್‌ಗೆ ತಕ್ಕಂತೆ ಮತ್ತೆ ಕಂಪೈಲ್ ಆಗಬೇಕು. ಡ್ರೈವರ್ ಕೋಡ್ ಹಳೇದಾಗಿದ್ದರೆ ಕಂಪೈಲ್ ಸೋಲುತ್ತದೆ, ರೀಬೂಟ್ ಆದಮೇಲೆ ಕಪ್ಪು ಪರದೆ. ಇದು ಹೊಸ ಇನ್‌ಸ್ಟಾಲ್‌ನಲ್ಲೂ ತಪ್ಪಿದ್ದಲ್ಲ. ಗ್ರಬ್ ಮೆನುವಿನಲ್ಲಿ ಹಳೇ ಕರ್ನಲ್ ಇನ್ನೂ ಉಳಿದಿರುವುದು ಮಾತ್ರ ಅಪ್‌ಗ್ರೇಡ್ ಮಾಡಿದವರ ಪುಣ್ಯ.

ಫೆಡೋರಾ: ಉಪಕರಣವಾಗಿ ಇದೇ ಮೇಲು

ಸೋಲುವುದಿದ್ದರೆ ಮೊದಲೇ ಸೋಲಬೇಕು. ಫೆಡೋರಾ ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದೆ. ಇಲ್ಲಿ ಆಪ್ಟ್‌ನ ಜಾಗದಲ್ಲಿ ಡಿಎನ್‌ಎಫ್. ‘ಡಿಎನ್‌ಎಫ್ ಅಪ್‌ಗ್ರೇಡ್ --ರಿಫ್ರೆಶ್’ ಮಾಡಿ ರೀಬೂಟ್; ‘ಡಿಎನ್‌ಎಫ್ ಸಿಸ್ಟಮ್-ಅಪ್‌ಗ್ರೇಡ್ ಡೌನ್‌ಲೋಡ್ --ರಿಲೀಸ್‌ವರ್=43’; ಆಮೇಲೆ ‘ಡಿಎನ್‌ಎಫ್ ಸಿಸ್ಟಮ್-ಅಪ್‌ಗ್ರೇಡ್ ರೀಬೂಟ್’. ಮಧ್ಯದ ಕಮಾಂಡ್ ಎಲ್ಲ ಪ್ಯಾಕೇಜುಗಳನ್ನು ಇಳಿಸಿಕೊಂಡು, ಪೂರ್ತಿ ಲೆಕ್ಕಾಚಾರ ಮುಗಿಸಿದ ಮೇಲೆಯೇ ಸರಿ ಅನ್ನುತ್ತದೆ. ಲೆಕ್ಕ ಕೂಡದಿದ್ದರೆ ಅಲ್ಲೇ ಹೇಳುತ್ತದೆ, ನಿಮ್ಮ ಯಂತ್ರದ ಒಂದು ಫೈಲೂ ಬದಲಾಗಿರುವುದಿಲ್ಲ. ನಿಜವಾದ ಬದಲಾವಣೆ ನಡೆಯುವುದು ಡೆಸ್ಕ್‌ಟಾಪೂ ಸರ್ವಿಸ್‌ಗಳೂ ಏಳದ, ಪ್ರತ್ಯೇಕ ಬೂಟ್‌ನಲ್ಲಿ. ಸಾಧಾರಣ ಡೆಸ್ಕ್‌ಟಾಪ್‌ಗೆ ಎರಡು ಮೂರು ಜಿಬಿ ಡೌನ್‌ಲೋಡ್ ಎಂದಿಟ್ಟುಕೊಳ್ಳಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ದಿನದ ಡೇಟಾ ಪ್ಯಾಕ್ ಮುಗಿದೇ ಹೋದೀತು, ಹುಷಾರು.

ಒಂದೇ ನೆಗೆತಕ್ಕೆ ಎರಡು ಆವೃತ್ತಿವರೆಗೆ ಹಾರಬಹುದು. ಒಂದೊಂದು ಆವೃತ್ತಿಗೂ ಸುಮಾರು 13 ತಿಂಗಳ ಬೆಂಬಲ ಇರುವುದರಿಂದ ವರ್ಷಕ್ಕೊಮ್ಮೆ ಮಾಡಿದರೂ ನಡೆಯುತ್ತದೆ. ಲೆಕ್ಕ ಕೂಡದಾಗ ‘--ಅಲೋಇರೇಸಿಂಗ್’ ಸೇರಿಸಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಸೇರಿಸಿ, ಆದರೆ ಏನನ್ನು ಅಳಿಸುತ್ತದೆಂದು ಓದಿ. ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ರೆಪಾಸಿಟರಿ ಬಳಸುವವರು ಎನ್‌ವಿಡಿಯಾ ಏಕೆಮಾಡ್ ಹಾಕಿದ್ದರೆ ಹೊಸ ಆವೃತ್ತಿಗೆ ಬೂಟ್ ಆದ ತಕ್ಷಣ ಮತ್ತೆ ರೀಬೂಟ್ ಮಾಡಬೇಡಿ, ಡ್ರೈವರ್ ಕಂಪೈಲ್ ಆಗಲು ಐದು ನಿಮಿಷ ಬಿಡಿ. ಆಮೇಲೆ ‘ಆರ್‌ಪಿಎಂಕಾನ್ಫ್ -ಎ’ ಓಡಿಸಿದರೆ ಎರಡು ಪ್ರತಿಯಾಗಿ ಉಳಿದ ಕಾನ್ಫಿಗ್‌ಗಳನ್ನು ಒಂದೊಂದಾಗಿ ತೋರಿಸಿ ಕೇಳುತ್ತದೆ. ಫೆಡೋರಾ 43ರ ಗ್ನೋಮ್ 49ರಲ್ಲಿ ಎಕ್ಸ್11 (ಪರದೆಗೆ ಚಿತ್ರ ಮೂಡಿಸುವ ಹಳೇ ವ್ಯವಸ್ಥೆ) ಸೆಷನ್ ಇಲ್ಲ, ಅದನ್ನೇ ನೆಚ್ಚಿಕೊಂಡ ಹಳೇ ಸ್ಕ್ರೀನ್ ಶೇರಿಂಗ್ ಸಾಫ್ಟ್‌ವೇರ್ ಇದ್ದವರು ಮುಂಚೆಯೇ ಅದರ ಬದಲಿಗೆ ಬಂದ ವೇಲ್ಯಾಂಡ್‌ನಲ್ಲಿ ಪರೀಕ್ಷಿಸಿ.

ಕೊರತೆ ಒಂದಿದೆ. ಬಿಟಿಆರ್‌ಎಫ್‌ಎಸ್ ಕೊಟ್ಟೂ ಸ್ನ್ಯಾಪ್‌ಶಾಟ್ (ಸಿಸ್ಟಮ್‌ನ ಆ ಕ್ಷಣದ ಪ್ರತಿ) ವ್ಯವಸ್ಥೆಯನ್ನು ಫೆಡೋರಾ ತಾನಾಗಿ ಜೋಡಿಸಿಕೊಡುವುದಿಲ್ಲ. ಓಪನ್‌ಸೂಸೆ ಇದರಲ್ಲಿ ಮುಂದೆ: ಟಂಬಲ್‌ವೀಡ್‌ನಲ್ಲಿ ‘ಝಿಪ್ಪರ್ ಡಪ್’ ಕೆಟ್ಟರೆ ಬೂಟ್ ಮೆನುವಿನಿಂದಲೇ ಹಿಂದಿನ ಸ್ನ್ಯಾಪ್‌ಶಾಟ್ ಆರಿಸಿ, ‘ಸ್ನ್ಯಾಪರ್ ರೋಲ್‌ಬ್ಯಾಕ್’ ಕೊಟ್ಟರೆ ನಿನ್ನೆಗೆ ಮರಳುತ್ತೀರಿ. ಆರ್‌ಪಿಎಂ ಟ್ರಾನ್ಸಾಕ್ಷನ್ ನಡುವೆ ಕರೆಂಟ್ ಹೋದರೆ ಫೆಡೋರಾದಲ್ಲಿ ಒಂದೇ ಪ್ಯಾಕೇಜಿನ ಎರಡೆರಡು ಆವೃತ್ತಿ ದಾಖಲಾಗಿ ಬಿಡಿಸುವುದು ರೇಜಿಗೆ. ಹಾಗಾಗಿ 10ಕ್ಕೆ 8.5, ಒಂಬತ್ತಲ್ಲ.

ಮಿಂಟ್, ಮತ್ತು ಸರ್ವರ್ ಕಡೆಯ ರೆಡ್ ಹ್ಯಾಟ್ ಬಳಗ

ಮಿಂಟ್‌ನಲ್ಲಿ 22ರಿಂದ 22.1, 22.2 ಹೀಗೆ ಹೋಗುವುದು ಅಪ್‌ಡೇಟ್ ಮ್ಯಾನೇಜರಿನ ಎಡಿಟ್ ಮೆನುವಿನಲ್ಲಿ ಒಂದು ಕ್ಲಿಕ್. 21ರಿಂದ 22ಕ್ಕೆ ಹೋಗಲು ಮೊದಲು 21.3ಕ್ಕೆ ಬಂದು ‘ಮಿಂಟ್‌ಅಪ್‌ಗ್ರೇಡ್’ ಹಾಕಬೇಕು. ಟೈಮ್‌ಶಿಫ್ಟ್ ಎಂಬ ಉಪಕರಣದ ಸ್ನ್ಯಾಪ್‌ಶಾಟ್ ಇಲ್ಲದೆ ಅದು ಮುಂದೆ ಹೋಗಲು ಬಿಡುವುದಿಲ್ಲ. ಈ ಹಠ ಶಾಲೆ, ಸೈಬರ್ ಸೆಂಟರ್ ಥರದ ಕಡೆ ನಿಜಕ್ಕೂ ಉಪಕಾರಿ. ಹೊರಗಿನ ಪ್ಯಾಕೇಜುಗಳನ್ನು ಅದು ತಾನೇ ಕೆಳಗಿಳಿಸುತ್ತದೆ, ಅನಾಥವಾದವನ್ನು ತೆಗೆಯುತ್ತದೆ. ಆದರೆ ಟೈಮ್‌ಶಿಫ್ಟ್ ಡೀಫಾಲ್ಟ್ ಆಗಿ /ಹೋಮ್ ಉಳಿಸುವುದಿಲ್ಲ ಅನ್ನುವುದನ್ನು ಮರೆತು ಅದನ್ನೇ ಬ್ಯಾಕಪ್ ಎಂದುಕೊಂಡವರು ಬಹಳ.

ಸರ್ವರುಗಳಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ಗೆ ‘ಲೀಪ್’ ಎಂಬ ಉಪಕರಣ ಇದೆ, ಅಲ್ಮಾಲಿನಕ್ಸ್‌ನ ‘ಎಲಿವೇಟ್’ ಅದರ ಮೇಲೇ ಕಟ್ಟಿದ್ದು. ‘ಲೀಪ್ ಪ್ರಿಅಪ್‌ಗ್ರೇಡ್’ ಕೊಟ್ಟರೆ /ವಾರ್/ಲಾಗ್/ಲೀಪ್ ಒಳಗೆ ವರದಿ ಬರೆಯುತ್ತದೆ, ‘ಇನ್‌ಹಿಬಿಟರ್’ ಎಂದು ಗುರುತಾದ ಒಂದು ಅಂಶ ಉಳಿದಿದ್ದರೂ ಅಪ್‌ಗ್ರೇಡ್ ಶುರುವಾಗುವುದಿಲ್ಲ. ವರದಿಯ ಗುಣಮಟ್ಟ ಚೆನ್ನಾಗಿದೆ, ಪರಿಹಾರವನ್ನೂ ಅಲ್ಲೇ ಬರೆದಿರುತ್ತದೆ. ಹಾರ್ಡ್‌ವೇರ್ ಮಾತ್ರ ಮುಂಚೆ ನೋಡಿ: 9ಕ್ಕೆ ಎಕ್ಸ್86-64-ವಿ2, 10ಕ್ಕೆ ವಿ3 ದರ್ಜೆಯ ಪ್ರಾಸೆಸರ್ ಬೇಕು. ರಾಕಿ ಲಿನಕ್ಸ್ ಇಂಥ ದೊಡ್ಡ ನೆಗೆತಕ್ಕೆ ಬೆಂಬಲವನ್ನೇ ಕೊಡದೆ ಹೊಸದಾಗಿ ಹಾಕಿ ಅನ್ನುತ್ತದೆ. ವರ್ಚುವಲ್ ಮೆಷಿನ್‌ಗಳ ಕಾಲದಲ್ಲಿ ಅದೇ ವಾಸಿ: ಪಕ್ಕದಲ್ಲೊಂದು ಹೊಸ ವಿಎಂ ಎಬ್ಬಿಸಿ, ಸರ್ವಿಸ್ ಸಾಗಿಸಿ, ಐಪಿ ಬದಲಿಸಿ, ಹಳೇದನ್ನು ಒಂದು ವಾರ ಆರಿಸಿಟ್ಟುಕೊಳ್ಳಿ.

ಹೊಸದಾಗಿ ಹಾಕುವವರಿಗೆ

ಹೊಸ ಇನ್‌ಸ್ಟಾಲ್ ಅರ್ಧ ಗಂಟೆಯ ಕೆಲಸ ಎನ್ನುವುದು ನಿಜ. ಆಮೇಲಿನ ಹದಿನೈದು ದಿನ ‘ಅಯ್ಯೋ, ಅದೊಂದು ಇತ್ತಲ್ಲ’ ಎಂದು ಹುಡುಕುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

/ಹೋಮ್ ಬೇರೆ ಪಾರ್ಟಿಶನ್‌ನಲ್ಲಿದ್ದರೆ ಡೆಬಿಯನ್ ಇನ್‌ಸ್ಟಾಲರಿನಲ್ಲಿ ‘ಗೈಡೆಡ್’ ಮುಟ್ಟಬೇಡಿ, ‘ಮ್ಯಾನ್ಯುಯಲ್’ ಆರಿಸಿ. ಆ ಪಾರ್ಟಿಶನ್ ಮೇಲೆ ಎಂಟರ್ ಒತ್ತಿ, ಫೈಲ್‌ಸಿಸ್ಟಮ್ ಯಾವುದಿತ್ತೋ ಅದನ್ನೇ ಆರಿಸಿ, ಮೌಂಟ್ ಪಾಯಿಂಟ್ /ಹೋಮ್ ಕೊಡಿ, ಫಾರ್ಮ್ಯಾಟ್ ಸಾಲಿನಲ್ಲಿ ‘ನೋ, ಕೀಪ್ ಎಕ್ಸಿಸ್ಟಿಂಗ್ ಡೇಟಾ’ ಇದೆಯೇ ಎಂದು ಎರಡು ಸಲ ನೋಡಿ. ಮೊದಲ ಬಳಕೆದಾರನಿಗೆ ಯುಐಡಿ (ಬಳಕೆದಾರನ ಸಂಖ್ಯೆ) 1000 ಸಿಗುತ್ತದೆ, ಹಳೇ ಹೆಸರನ್ನೇ ಕೊಟ್ಟರೆ ಫೈಲುಗಳು ಹಾಗೇ ನಿಮ್ಮವು. ಮನೆಯಲ್ಲಿ ಇಬ್ಬರು ಮೂವರ ಖಾತೆಗಳಿದ್ದರೆ ಹಿಂದಿನ ಕ್ರಮದಲ್ಲೇ ಸೃಷ್ಟಿಸಿ, ಇಲ್ಲದಿದ್ದರೆ ಅಕ್ಕನ ಫೋಲ್ಡರ್ ತಮ್ಮನ ಹೆಸರಿಗೆ ಬರುತ್ತದೆ.

/ಹೋಮ್ ಉಳಿಸಿದೆ, ಎಲ್ಲ ಉಳಿಯಿತು ಎಂದುಕೊಳ್ಳಬೇಡಿ. ಕ್ರಾನ್ ಕೆಲಸಗಳು /ವಾರ್/ಸ್ಪೂಲ್/ಕ್ರಾನ್ ಒಳಗಿವೆ. ವೈಫೈ ಪಾಸ್‌ವರ್ಡುಗಳು /ಇಟಿಸಿ ಒಳಗಿನ ನೆಟ್‌ವರ್ಕ್‌ಮ್ಯಾನೇಜರ್ ಫೋಲ್ಡರಿನಲ್ಲಿ. ಬ್ಲೂಟೂತ್ ಜೋಡಣೆ /ವಾರ್/ಲಿಬ್/ಬ್ಲೂಟೂತ್. ಡಾಕರ್ ವಾಲ್ಯೂಮ್‌ಗಳು, ವಿಎಂ ಡಿಸ್ಕ್‌ಗಳು, ಡೇಟಾಬೇಸ್ ಎಲ್ಲ /ವಾರ್/ಲಿಬ್ ಕೆಳಗೆ. ನೀವೇ ಬರೆದ ಸ್ಕ್ರಿಪ್ಟ್‌ಗಳು /ಯುಎಸ್‌ಆರ್/ಲೋಕಲ್‌ನಲ್ಲಿ. ಸರ್ವರ್ ಆದರೆ ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳನ್ನೂ ತೆಗೆದಿಡಿ, ಇಲ್ಲದಿದ್ದರೆ ಲಾಗಿನ್ ಆಗುವ ಪ್ರತಿಯೊಬ್ಬರಿಗೂ ‘ಗುರುತು ಬದಲಾಗಿದೆ’ ಎಂಬ ಭಯಂಕರ ಎಚ್ಚರಿಕೆ ಬರುತ್ತದೆ. ಇವನ್ನೆಲ್ಲ ತೆಗೆದಿಟ್ಟರೂ ಹಳೇ /ಇಟಿಸಿಯನ್ನು ಹೊಸದರ ಮೇಲೆ ಸಾರಾಸಗಟಾಗಿ ಸುರಿಯಬೇಡಿ. ಎಫ್‌ಎಸ್‌ಟ್ಯಾಬ್‌ನ ಯುಯುಐಡಿ, ಪಾಸ್‌ವರ್ಡ್, ಗ್ರೂಪ್ ಫೈಲು ಬೆರೆತರೆ ಬೂಟೂ ಆಗದು, ಲಾಗಿನ್ನೂ ಆಗದು. ‘ಆಪ್ಟ್-ಮಾರ್ಕ್ ಶೋಮ್ಯಾನ್ಯುಯಲ್’ ಪಟ್ಟಿಯೂ ಅಷ್ಟೇ, ಕಣ್ಣಾಡಿಸಿ ಆರಿಸಿಕೊಳ್ಳಲಿಕ್ಕೆ ಮಾತ್ರ. ಅದರಲ್ಲಿ ಹಳೇ ಕರ್ನಲ್, ಹಳೇ ಲೈಬ್ರರಿ ಹೆಸರುಗಳೂ ಇರುತ್ತವೆ.

ಉಬುಂಟು ಬಿಟ್ಟು ಡೆಬಿಯನ್‌ಗೆ ಬರುವವರು ಹಳೇ /ಹೋಮ್ ಇಟ್ಟುಕೊಂಡರೂ ಫೈರ್‌ಫಾಕ್ಸ್ ತೆರೆದರೆ ಬುಕ್‌ಮಾರ್ಕ್ ಖಾಲಿ. ಉಬುಂಟುವಿನ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಬೇರೆ ನಮೂನೆಯ ಪ್ಯಾಕೇಜ್ ಆಗಿರುವುದರಿಂದ ಪ್ರೊಫೈಲ್ ‘ಸ್ನ್ಯಾಪ್/ಫೈರ್‌ಫಾಕ್ಸ್/ಕಾಮನ್’ ಒಳಗೆ ಅಡಗಿದೆ. ಅಲ್ಲಿಂದ ತೆಗೆದು ಮಾಮೂಲಿ ಜಾಗಕ್ಕೆ ಹಾಕಿದರೂ ಡೆಬಿಯನ್‌ನ ಇಎಸ್‌ಆರ್ (ದೀರ್ಘ ಬೆಂಬಲದ ಫೈರ್‌ಫಾಕ್ಸ್) ‘ಈ ಪ್ರೊಫೈಲ್ ಹೊಸ ಆವೃತ್ತಿಯದ್ದು’ ಎಂದು ನಿರಾಕರಿಸುತ್ತದೆ. ಮೊಝಿಲ್ಲಾದ ಸ್ವಂತ ಆಪ್ಟ್ ರೆಪಾಸಿಟರಿ ಸೇರಿಸಿ ಹೊಸ ಫೈರ್‌ಫಾಕ್ಸ್ ಹಾಕಿದರೆ ಸರಿಹೋಗುತ್ತದೆ. ಪ್ಲಾಸ್ಮಾ 5ರ ಸೆಟ್ಟಿಂಗ್ ಇರುವ /ಹೋಮ್ ಮೇಲೆ ಪ್ಲಾಸ್ಮಾ 6 ಎದ್ದಾಗ ಹೊರಗಿನ ಹಳೇ ವಿಜೆಟ್‌ಗಳು ಲೋಡ್ ಆಗುವುದಿಲ್ಲ, ಅವನ್ನು ತೆಗೆದುಹಾಕಿ.

ಕನ್ನಡ ಟೈಪಿಸುವವರಿಗೆ ಇನ್ನೊಂದು ಮಾತು. ಗ್ನೋಮ್‌ನಲ್ಲಿ ನಿಮ್ಮ ಕೀಲಿಮಣೆ ಆಯ್ಕೆ ‘ಎಂ17ಎನ್:ಕೆಎನ್:ಕೆಜಿಪಿ’ ಎಂದು /ಹೋಮ್‌ನ ಡಿಕಾನ್ಫ್‌ನಲ್ಲಿ ಉಳಿದಿರುತ್ತದೆ. ಆದರೆ ಹೊಸ ಇನ್‌ಸ್ಟಾಲ್‌ನಲ್ಲಿ ಆ ಕೀಲಿಮಣೆಯನ್ನು ಒದಗಿಸುವ ಐಬಸ್-ಎಂ17ಎನ್ ಪ್ಯಾಕೇಜ್ ಇಲ್ಲದಿದ್ದರೆ ಆಯ್ಕೆ ಇದ್ದೂ ಇಂಗ್ಲಿಷ್ ಅಕ್ಷರವೇ ಮೂಡುತ್ತದೆ; ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಕಾರಣ ಕಾಣುವುದಿಲ್ಲ. ಆ ಪ್ಯಾಕೇಜನ್ನೂ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜನ್ನೂ ಹಾಕಿ, ಲಾಗೌಟ್ ಮಾಡಿ ಒಳಬನ್ನಿ. ಅಪ್‌ಗ್ರೇಡ್ ಮಾಡಿದವರಿಗೆ ಇದರ ಅಗತ್ಯ ಬೀಳುವುದು ಅಪರೂಪ, ಫುಲ್-ಅಪ್‌ಗ್ರೇಡ್‌ನ ಕಿತ್ತುಹಾಕುವ ಪಟ್ಟಿಯಲ್ಲಿ ಐಬಸ್ ಹೆಸರಿತ್ತೋ ಇಲ್ಲವೋ ಎಂದು ನೋಡಿಕೊಂಡಿದ್ದರೆ ಸಾಕು.